ಫೈಲ್ ಬರೆಯೋದಾ, ಬಟನ್ ಒತ್ತೋದಾ? ನೆಟ್‌ವರ್ಕ್ ಮಾನಿಟರಿಂಗ್ ಆರಿಸುವ ಮುಂಚೆ

ಈ ಪ್ರಶ್ನೆ ನನಗೆ ತಿಂಗಳಿಗೆ ಒಂದು ಸಲವಾದರೂ ಬರುತ್ತದೆ. "ಸರ್, ನಮ್ಮಲ್ಲಿ ಐವತ್ತು ಅರವತ್ತು ಸ್ವಿಚ್ ಇವೆ. ನಾಗಿಯೋಸ್ ಹಾಕ್ಲಾ, ಝ್ಯಾಬಿಕ್ಸ್ ಹಾಕ್ಲಾ, ಇಲ್ಲಾ ಪ್ರಮೀಥಿಯಸ್ಸಾ?" ಸ್ವಿಚ್ ಅಂದರೆ ಇಲ್ಲಿ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ. ಅಂಥ ಡಿವೈಸ್‌ಗಳು ಸರಿ ಇವೆಯಾ ಎಂದು ಕಾಯ್ದು, ಕೆಟ್ಟರೆ ಅಲರ್ಟ್ ಕಳಿಸುವ ಸಾಫ್ಟ್‌ವೇರ್‌ಗಳು ಈ ಮೂರೂ. ಕೇಳುವವರು ಅಷ್ಟರಲ್ಲಿ ಹತ್ತು ವಿಡಿಯೋ ನೋಡಿ ತಲೆ ಕೆಡಿಸಿಕೊಂಡಿರುತ್ತಾರೆ. ಗ್ರಾಫ್ ಯಾವುದರಲ್ಲಿ ಚೆನ್ನಾಗಿದೆ, ಟೆಲಿಗ್ರಾಂಗೆ ಅಲರ್ಟ್ ಬರುತ್ತಾ, ಇಂಥದ್ದೇ ಯೋಚನೆ. ಅವೆಲ್ಲ ಈಗ ಹೆಚ್ಚುಕಮ್ಮಿ ಎಲ್ಲದರಲ್ಲೂ ಸಿಗುತ್ತವೆ. ದಿನದಿನದ ಕೆಲಸದಲ್ಲಿ ಕಾಡುವ ವ್ಯತ್ಯಾಸ ಬೇರೆ: ನಿಮ್ಮ ಸೆಟ್ಟಿಂಗ್ ಎಲ್ಲಿ ಕೂತಿರುತ್ತದೆ? ನಾಗಿಯೋಸ್, ಪ್ರಮೀಥಿಯಸ್‌ನಲ್ಲಿ ಅದು ನೀವು ಕೈಯಾರೆ ಬರೆದ ಟೆಕ್ಸ್ಟ್ ಫೈಲ್. ಝ್ಯಾಬಿಕ್ಸ್‌ನಲ್ಲಿ ನೀವು ವೆಬ್ ಪೇಜಿನಲ್ಲಿ ಕ್ಲಿಕ್ ಮಾಡಿದ್ದೆಲ್ಲ ಹೋಗಿ ಡೇಟಾಬೇಸ್‌ನಲ್ಲಿ ಕೂರುತ್ತದೆ.

ಎರಡೂ ಒಳ್ಳೇದೇ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ನೋಡಿಕೊಂಡು ಆರಿಸಬೇಡಿ. ನೀವು ರಜೆ ಹಾಕಿದ ದಿನ ನಿಮ್ಮ ಕುರ್ಚಿಯಲ್ಲಿ ಕೂರುವವರನ್ನು ನೋಡಿ ಆರಿಸಿ.

ಇದನ್ನು ನಾನು ಕಲಿತದ್ದು ನನ್ನದೇ ಎಡವಟ್ಟಿನಿಂದ. ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಕೇಬಲ್ ಇಂಟರ್ನೆಟ್ ಕೊಡುವವರ ಹತ್ತಿರ ಕೆಲಸಕ್ಕಿದ್ದೆ. ಸುಮಾರು 180 ಡಿವೈಸ್, ಎಲ್ಲಾ ನಾಗಿಯೋಸ್‌ನಲ್ಲಿ, ಎಲ್ಲಾ ನಾನೇ ಬರೆದ ಫೈಲ್. ನನಗೆ ಅದು ಅಂಗೈ ಗೆರೆಯಷ್ಟು ಪರಿಚಿತ. ತಂಗಿ ಮದುವೆಗೆಂದು ನಾಲ್ಕು ದಿನ ಊರಿಗೆ ಹೋದೆ. ಆಗ ಹೊಸ ಸ್ವಿಚ್ ಒಂದು ಬಂತು, ಜೊತೆಗಿದ್ದ ಹುಡುಗ ಪಾಪ ನನ್ನ ಫೈಲನ್ನೇ ನೋಡಿ ಕಾಪಿ ಮಾಡಿ ಸೇರಿಸಿದ, ಕೊನೆಯ ಬ್ರಾಕೆಟ್ ಒಂದು ಬಿಟ್ಟುಹೋಯಿತು, ರಿಸ್ಟಾರ್ಟ್ ಕೊಟ್ಟ. ಫೈಲಿನಲ್ಲಿ ತಪ್ಪಿದ್ದರೆ ನಾಗಿಯೋಸ್ ಏಳುವುದೇ ಇಲ್ಲ. ಅದು ಎದ್ದಿಲ್ಲ ಎಂಬುದು ಅವನಿಗೆ ಗೊತ್ತಾಗಲಿಲ್ಲ. ರಾತ್ರಿಯಿಡೀ ಒಂದು ಅಲರ್ಟೂ ಬರಲಿಲ್ಲ, ಅಲರ್ಟ್ ಇಲ್ಲ ಅಂದರೆ ಎಲ್ಲ ಸರಿ ಇದೆ ಎಂದೇ ಎಲ್ಲರೂ ಅಂದುಕೊಂಡರು. ಬೆಳಿಗ್ಗೆ ಆರಕ್ಕೆ ಗಿರಾಕಿಗಳ ಫೋನ್ ಶುರುವಾಯಿತು. ಸಿಡಿಲಿಗೆ ಎರಡು ಟವರ್ ಹೋಗಿದ್ದವು.

ಹುಡುಗನ ತಪ್ಪೇನೂ ಇಲ್ಲ. ರಿಸ್ಟಾರ್ಟ್ ಮಾಡುವ ಮೊದಲು ನಾಗಿಯೋಸ್ ಕಮಾಂಡಿಗೆ ಮೈನಸ್ ವಿ ಹಾಕಿ ಫೈಲ್ ಪರೀಕ್ಷಿಸಬೇಕು ಎಂದು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅದು ನನ್ನ ತಲೆಯಲ್ಲಿತ್ತು, ತಲೆ ಮದುವೆ ಮನೆಯಲ್ಲಿತ್ತು.

ಏನೇನು ನೋಡಬೇಕು

ಹೆಸರುಗಳಿಗೆ ಹೋಗುವ ಮೊದಲು ಅಳತೆಗೋಲು ಇಟ್ಟುಕೊಳ್ಳೋಣ. ನಾನು ಐದು ವಿಷಯ ನೋಡುತ್ತೇನೆ, ಐದಕ್ಕೂ ಒಂದೇ ತೂಕ ಅಲ್ಲ.

ಮೊದಲನೇ ಡಿವೈಸ್ ಸೇರಿಸಲು ಎಷ್ಟು ಹೊತ್ತು ಬೇಕು, ನೂರನೆಯದಕ್ಕೆ ಎಷ್ಟು? ಇವೆರಡರ ಉತ್ತರ ಬೇರೆ ಬೇರೆ ಇರುತ್ತದೆ, ಜನ ಮೊದಲನೆಯದನ್ನು ಮಾತ್ರ ನೋಡಿ ಮೋಸಹೋಗುತ್ತಾರೆ. ತಪ್ಪು ಮಾಡಿದರೆ ಅದು ಕೂಗಿ ಹೇಳುತ್ತದಾ, ಸುಮ್ನೆ ಇರುತ್ತದಾ? ಯಾರು ಯಾವಾಗ ಏನು ಬದಲಿಸಿದರು, ಮುಖ್ಯವಾಗಿ ಯಾಕೆ ಬದಲಿಸಿದರು ಎಂದು ಆರು ತಿಂಗಳ ಮೇಲೆ ಗೊತ್ತಾಗುತ್ತದಾ? ಸರ್ವರ್ ಸುಟ್ಟುಹೋದರೆ ಸಂಜೆಯೊಳಗೆ ಮತ್ತೆ ಎಬ್ಬಿಸಬಹುದಾ? ಐದನೆಯದು ಆಗಲೇ ಹೇಳಿದ್ದು, ಎರಡನೇ ಮನುಷ್ಯ. ದುಡ್ಡನ್ನು ಇದರಲ್ಲಿ ಸೇರಿಸಿಲ್ಲ, ಯಾಕೆಂದರೆ ಇದರಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್ ಪುಕ್ಕಟೆ. ಖರ್ಚಾಗುವುದು ನಿಮ್ಮ ಸಮಯ.

ನಾಗಿಯೋಸ್, ಐಸಿಂಗಾ: ಹಳೇ ಮನೆ, ಗಟ್ಟಿ ಗೋಡೆ

ಈಥನ್ ಗಾಲ್‌ಸ್ಟಾಡ್ 1999ರಲ್ಲಿ ಇದನ್ನು ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಹೊರತಂದರು, ಟ್ರೇಡ್‌ಮಾರ್ಕ್ ತಕರಾರಿನಿಂದ ಆಮೇಲೆ ನಾಗಿಯೋಸ್ ಆಯಿತು. ಅವತ್ತಿನಿಂದ ಇವತ್ತಿನ ತನಕ ರೀತಿ ಒಂದೇ. ಒಂದು ಹೋಸ್ಟ್ (ಕಾಯಬೇಕಾದ ಒಂದು ಡಿವೈಸ್) ಅಂದರೆ ನಾಲ್ಕೈದು ಸಾಲು: ಹೆಸರು, ಐಪಿ (ನೆಟ್‌ವರ್ಕ್ ವಿಳಾಸ), ಯಾವ ಟೆಂಪ್ಲೇಟ್ (ಮೊದಲೇ ಮಾಡಿಟ್ಟ ಅಚ್ಚು), ಯಾವ ಗುಂಪು. ವೆಬ್ ಪೇಜ್ ಇದೆ, ಆದರೆ ಅದರಲ್ಲಿ ನೋಡಬಹುದು, ಅಲರ್ಟನ್ನು ಒಪ್ಪಿಕೊಳ್ಳಬಹುದು, ಡೌನ್‌ಟೈಮ್ (ಅಲರ್ಟ್ ಬೇಡವಾದ ಹೊತ್ತು) ಹಾಕಬಹುದು, ಅಷ್ಟೇ. ಹೊಸ ಹೋಸ್ಟ್ ಬೇಕಾ, ಫೈಲ್ ತೆರೆಯಿರಿ.

ಮೊದಲ ದಿನ ಇದು ಅಳು ಬರಿಸುತ್ತದೆ. ಒಂದು ಪಿಂಗ್ (ಡಿವೈಸ್ ಉತ್ತರ ಕೊಡುತ್ತದಾ ಎಂಬ ಪರೀಕ್ಷೆ) ಹಸಿರಾಗಿ ಕಾಣಲು ಅರ್ಧ ದಿನ ಹೋದರೂ ಆಶ್ಚರ್ಯವಿಲ್ಲ. ನೂರನೇ ಡಿವೈಸ್ ಹೊತ್ತಿಗೆ ಮಾತ್ರ ಲೆಕ್ಕ ತಿರುಗುತ್ತದೆ. ನಮ್ಮ ಸಣ್ಣ ಕಂಪನಿಗಳಲ್ಲಿ ಏನಿಲ್ಲದಿದ್ದರೂ ಒಂದು ಎಕ್ಸೆಲ್ ಶೀಟ್ ಇರುತ್ತದೆ, ಅದರಲ್ಲಿ ಸ್ವಿಚ್ ಹೆಸರು, ಐಪಿ, ಜಾಗ ಬರೆದಿರುತ್ತಾರೆ ಅಲ್ವಾ? ಅದನ್ನೇ ಓದಿ ಫೈಲ್ ಬರೆದುಕೊಡುವ ಹದಿನೈದು ಸಾಲಿನ ಸ್ಕ್ರಿಪ್ಟ್ ಸಾಕು, 300 ಹೋಸ್ಟ್ ಒಂದೇ ನಿಮಿಷಕ್ಕೆ ರೆಡಿ. ಎಲ್ಲಾ ಸ್ವಿಚ್‌ನ ಹೆಸರಿಗೆ ಊರಿನ ಹೆಸರು ಸೇರಿಸಬೇಕು ಅಂದರೆ ಹುಡುಕಿ ಬದಲಿಸಿದರೆ ಆಯಿತು. ಇದನ್ನೇ ಬಟನ್ ಒತ್ತಿ ಮಾಡಲು ಹೋದರೆ ಸಂಜೆಯಾಗುತ್ತದೆ.

ಕಾಮೆಂಟ್ ಬರೆಯುವ ಸೌಲಭ್ಯ ಚಿಕ್ಕದಾಗಿ ಕಂಡರೂ ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಒಂದು ಸ್ವಿಚ್ ಬಟ್ಟೆ ಅಂಗಡಿಯ ಮಹಡಿಯಲ್ಲಿತ್ತು, ದಿನಾ ರಾತ್ರಿ ಒಂಬತ್ತಕ್ಕೆ ಅಂಗಡಿಯವರು ಮೇನ್ ಆಫ್ ಮಾಡಿ ಹೋಗುತ್ತಿದ್ದರು. ಫೈಲಿನಲ್ಲಿ ಅದರ ಮೇಲೆ ಹ್ಯಾಶ್ ಹಾಕಿ "ಅಂಗಡಿಯವರು ಮೇನ್ ಆಫ್ ಮಾಡ್ತಾರೆ, ರಾತ್ರಿ ಗಾಬರಿ ಬೇಡ" ಎಂದು ಬರೆದಿದ್ದೆ. ಆ ಹೋಸ್ಟಿನ ಚೆಕ್ ಸಮಯ ಯಾಕೆ ಬೇರೆ ಇದೆ ಎಂದು ಆಮೇಲೆ ಯಾರೂ ಕೇಳಲಿಲ್ಲ. ಫೈಲ್‌ಗಳನ್ನು ಗಿಟ್‌ಗೆ (ಫೈಲಿನ ಪ್ರತಿ ಬದಲಾವಣೆಯನ್ನೂ ನೆನಪಿಡುವ ಪ್ರೋಗ್ರಾಂ) ಹಾಕಿದರೆ ಪ್ರತಿ ಬದಲಾವಣೆಗೂ ಹೀಗೊಂದು ಕಾರಣ ಅಂಟಿಕೊಂಡಿರುತ್ತದೆ, ಹಾಳಾದರೆ ನಿನ್ನೆಯದಕ್ಕೆ ವಾಪಸ್ ಹೋಗಬಹುದು. ಬ್ಯಾಕಪ್ ಅಂದರೆ ಒಂದು ಫೋಲ್ಡರ್, ಪೆನ್‌ಡ್ರೈವಿನ ಮೂಲೆಯಲ್ಲಿ ಹಿಡಿಯುತ್ತದೆ. ಆದರೆ ಎಚ್ಚರ, ಎಸ್‌ಎನ್‌ಎಂಪಿ ಕಮ್ಯುನಿಟಿ (ಎಸ್‌ಎನ್‌ಎಂಪಿ ಎಂಬ ವಿಧಾನದಲ್ಲಿ ಡಿವೈಸ್‌ನಿಂದ ಅಳತೆ ಕೇಳಲು ಬೇಕಾದ ಗುಟ್ಟಿನ ಪದ), ಪಾಸ್‌ವರ್ಡ್‌ಗಳೂ ಅದೇ ಫೈಲ್‌ಗಳಲ್ಲಿ ಬರಿಗಣ್ಣಿಗೆ ಕಾಣುವ ಹಾಗೆ ಬಿದ್ದಿರುತ್ತವೆ. ಗಿಟ್‌ಗೆ ಹಾಕುವ ಮೊದಲು ಅವನ್ನು ಬೇರೆ ಫೈಲ್‌ಗೆ ಎತ್ತಿಡಿ, ಆ ಫೈಲ್ ಗಿಟ್‌ಗೆ ಹೋಗದಂತೆ ನೋಡಿಕೊಳ್ಳಿ.

ಪೋರ್ಟ್ ಪೋರ್ಟಿಗೂ ಟ್ರಾಫಿಕ್ ನೋಡಬೇಕು ಅನ್ನುವವರಿಗೆ ನಾಗಿಯೋಸ್ ಬೇಡ. 24 ಪೋರ್ಟಿನ ಸ್ವಿಚ್‌ಗೆ 24 ಸರ್ವಿಸ್ (ಅಂದರೆ 24 ಚೆಕ್) ಬರೆಯುತ್ತಾ ಕೂರಬೇಕಾಗುತ್ತದೆ. ಹೊಸದಾಗಿ ಶುರು ಮಾಡುವವರು, ಫೈಲೇ ಇಷ್ಟ ಅನ್ನುವವರು ಐಸಿಂಗಾ 2 ನೋಡಿ. 2009ರಲ್ಲಿ ನಾಗಿಯೋಸ್‌ನಿಂದ ಕವಲೊಡೆದದ್ದು, ಎರಡನೇ ಆವೃತ್ತಿಯಲ್ಲಿ ಫೈಲಿನ ಭಾಷೆಯನ್ನೇ ಹೊಸದಾಗಿ ಬರೆದರು. ಲಿನಕ್ಸ್ ಹೋಸ್ಟ್‌ಗಳಿಗೆಲ್ಲ ಡಿಸ್ಕ್ ಚೆಕ್ ಹಾಕು ಎಂದು ಒಂದು ನಿಯಮ ಬರೆದರೆ ಮುಗಿಯಿತು, ನಾಳೆ ಸೇರಿಸುವ ಹೋಸ್ಟ್‌ಗೂ ಅದು ತಾನಾಗಿ ಅಂಟಿಕೊಳ್ಳುತ್ತದೆ.

ಪ್ರಮೀಥಿಯಸ್: ಫೈಲೇ, ಆದರೆ ಬೇರೆ ಸ್ವಭಾವ

ಸೌಂಡ್‌ಕ್ಲೌಡ್ ಕಂಪನಿಯಲ್ಲಿ 2012ರಲ್ಲಿ ಹುಟ್ಟಿದ್ದು ಇದು. ಕಂಟೇನರ್, ಕುಬರ್ನೆಟಿಸ್ ಜಗತ್ತಿನಲ್ಲಿ, ಅಂದರೆ ಪ್ರೋಗ್ರಾಂಗಳನ್ನು ಬೇರೆ ಬೇರೆ ಪುಟ್ಟ ಪೆಟ್ಟಿಗೆಗಳಲ್ಲಿ ಇಟ್ಟು ಓಡಿಸುವ ಕಡೆ, ಇದರದ್ದೇ ರಾಜ್ಯಭಾರ. ನೆಟ್‌ವರ್ಕ್ ಡಿವೈಸ್‌ಗಳಿಗೆ ಎಸ್‌ಎನ್‌ಎಂಪಿ ಎಕ್ಸ್‌ಪೋರ್ಟರ್ ಎಂಬ ಪುಟ್ಟ ಪ್ರೋಗ್ರಾಂ ಮಧ್ಯೆ ಬೇಕು, ಪಿಂಗ್ ಮಾಡಲು ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್, ಅಲರ್ಟ್ ಕಳಿಸಲು ಅಲರ್ಟ್‌ಮ್ಯಾನೇಜರ್, ನೋಡಲು ಗ್ರಫಾನಾ. ಒಂದು ಕೆಲಸಕ್ಕೆ ನಾಲ್ಕೈದು ಪ್ರೋಗ್ರಾಂ, ಅವುಗಳಲ್ಲಿ ಹೆಚ್ಚಿನವಕ್ಕೆ ಬೇರೆ ಬೇರೆ ಯಾಮಲ್ ಫೈಲ್ (ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿರುವ ಟೆಕ್ಸ್ಟ್ ಫೈಲ್). ಯಾಮಲ್‌ನಲ್ಲಿ ಸಾಲಿನ ಮುಂದೆ ಟ್ಯಾಬ್ ಒತ್ತುವಂತಿಲ್ಲ, ಸ್ಪೇಸ್ ಮಾತ್ರ. ಈ ಒಂದು ವಿಷಯಕ್ಕೆ ನಾನು ಕಳೆದ ಸಂಜೆಗಳನ್ನು ಲೆಕ್ಕ ಹಾಕಿದರೆ ಬೇಜಾರಾಗುತ್ತದೆ.

ತಪ್ಪನ್ನು ಇದು ನಾಗಿಯೋಸ್‌ಗಿಂತ ಸಮಾಧಾನದಿಂದ ತೆಗೆದುಕೊಳ್ಳುತ್ತದೆ. ಓಡುತ್ತಿರುವಾಗ ಕೆಟ್ಟ ಫೈಲ್ ಕೊಟ್ಟು ರೀಲೋಡ್ ಹೇಳಿದರೆ, ಹೊಸದನ್ನು ಬಿಟ್ಟು ಹಳೆಯದರಲ್ಲೇ ಮುಂದುವರಿಯುತ್ತದೆ. ನೀವು ಪೂರ್ತಿ ನಿಲ್ಲಿಸಿ ಶುರು ಮಾಡಿದರೆ ಮಾತ್ರ ಏಳುವುದಿಲ್ಲ. ಅಪಾಯ ಇರುವುದು ಇನ್ನೊಂದು ಕಡೆ. ಅಲರ್ಟ್ ನಿಯಮದಲ್ಲಿ ಮೆಟ್ರಿಕ್ (ಅಳತೆ) ಹೆಸರಿನ ಒಂದಕ್ಷರ ತಪ್ಪಿದರೂ ಪ್ರಾಮ್‌ಟೂಲ್ ಎಂಬ ಪರೀಕ್ಷೆಯ ಕಮಾಂಡ್ "ಸರಿ ಇದೆ" ಎನ್ನುತ್ತದೆ, ಯಾಕೆಂದರೆ ವ್ಯಾಕರಣ ಸರಿ ಇದೆ. ಅಂಥ ಮೆಟ್ರಿಕ್ ಇಲ್ಲವೇ ಇಲ್ಲ, ಹಾಗಾಗಿ ಆ ಅಲರ್ಟ್ ಜನ್ಮದಲ್ಲಿ ಹೊಡೆಯುವುದಿಲ್ಲ. ಇದನ್ನು ತಪ್ಪಿಸಲು ಹೊಸ ಅಲರ್ಟ್ ಬರೆದ ದಿನವೇ ಕೇಬಲ್ ಕಿತ್ತು ನೋಡಿ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ಕಿತ್ತು ನೋಡಿ.

ನಿಮ್ಮಲ್ಲಿ ಕೋಡ್ ಬರೆಯುವವರು ಇದ್ದಾರೆ, ಗಿಟ್ ಬಳಕೆ ಮೊದಲೇ ಇದೆ, ಸರ್ವರ್‌ಗಳು ದಿನಾ ಹುಟ್ಟಿ ಸಾಯುತ್ತವೆ ಅಂದರೆ ಬೇರೆ ಯೋಚನೆಯೇ ಬೇಡ, ಇದೇ. ಕಾಲೇಜು ಲ್ಯಾಬು, ಎರಡು ಅಂತಸ್ತಿನ ಆಫೀಸು ಅಂದರೆ ಇಷ್ಟೆಲ್ಲ ಬೇಡ.

ಝ್ಯಾಬಿಕ್ಸ್: ಎಲ್ಲವೂ ಬ್ರೌಸರ್‌ನಲ್ಲಿ

ಲಾಟ್ವಿಯಾದ ಅಲೆಕ್ಸೀ ವ್ಲಾಡಿಶೇವ್ ಶುರು ಮಾಡಿದ್ದು, 2001ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಮೊದಲ ಡಿವೈಸ್ ಇಲ್ಲಿ ಐದು ನಿಮಿಷದ ಮಾತು: ಹೋಸ್ಟ್ ಹೆಸರು, ಐಪಿ, ಒಂದು ಟೆಂಪ್ಲೇಟ್, ಸೇರಿಸು. ಸ್ವಲ್ಪ ಹೊತ್ತಿನಲ್ಲಿ ಅದು ತಾನೇ ಸ್ವಿಚ್‌ನ ಪೋರ್ಟ್‌ಗಳನ್ನು ಹುಡುಕಿ ಗ್ರಾಫ್ ಹಾಕಲು ಶುರು ಮಾಡುತ್ತದೆ. ನಾಗಿಯೋಸ್‌ನಲ್ಲಿ 24 ಸರ್ವಿಸ್ ಬರೆಯುವ ಕಷ್ಟ ಹೇಳಿದೆನಲ್ಲ, ಅದು ಇಲ್ಲಿ ಇಲ್ಲವೇ ಇಲ್ಲ. ಐಪಿ ರೇಂಜ್ ಕೊಟ್ಟರೆ ಡಿವೈಸ್‌ಗಳನ್ನೂ ತಾನೇ ಹುಡುಕಿ ಸೇರಿಸುತ್ತದೆ. ಇನ್ನೊಂದು ಖುಷಿಯ ವಿಷಯ, ಹೋಸ್ಟಿಗೆ ತೋರಿಸುವ ಹೆಸರನ್ನು ಕನ್ನಡದಲ್ಲೇ ಕೊಡಬಹುದು. "ಸಂತೆ ಮೈದಾನ ಟವರ್" ಎಂದು ಪರದೆಯ ಮೇಲೆ ಕಂಡರೆ ರಾತ್ರಿ ಪಾಳಿಯವನು ಕೋಡ್ ಬಿಡಿಸುತ್ತಾ ಕೂರಬೇಕಿಲ್ಲ.

ಎರಡನೇ ಮನುಷ್ಯನ ಲೆಕ್ಕದಲ್ಲಿ ಝ್ಯಾಬಿಕ್ಸ್ ಬಹಳ ಮುಂದೆ. ಲಿನಕ್ಸ್ ಬಾರದವರಿಗೂ ಒಂದು ಮಧ್ಯಾಹ್ನದಲ್ಲಿ ಹೋಸ್ಟ್ ಸೇರಿಸುವುದನ್ನು ಕಲಿಸಬಹುದು, ಅವರಿಗೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಟ್ಟು ಯೂಸರ್ ಮಾಡಿಕೊಡಬಹುದು. ಬ್ರಾಕೆಟ್ ಬಿಟ್ಟು ಇಡೀ ಮಾನಿಟರಿಂಗ್ ನಿಲ್ಲಿಸಲು ಅವರಿಂದ ಆಗುವುದಿಲ್ಲ.

ಹಾಗಾದರೆ ಇಲ್ಲಿ ತಪ್ಪು ಆಗುವುದಿಲ್ಲವಾ? ಆಗುತ್ತದೆ, ಸದ್ದಿಲ್ಲದೆ ಆಗುತ್ತದೆ. ನನಗೆ ಗೊತ್ತಿರುವ ಒಂದು ಕಡೆ ಟೆಂಪ್ಲೇಟ್ ಬದಲಿಸಲು ಹೋದವರು ಹೋಸ್ಟ್‌ಗಳಿಂದ ಹಳೆಯದನ್ನು ತೆಗೆದರು. ಅಲ್ಲಿ ಎರಡು ಆಯ್ಕೆ ಇರುತ್ತದೆ: ಅನ್‌ಲಿಂಕ್ ಒಂದು, ಅನ್‌ಲಿಂಕ್ ಅಂಡ್ ಕ್ಲಿಯರ್ ಇನ್ನೊಂದು. ಮೊದಲನೆಯದು ಟೆಂಪ್ಲೇಟಿನ ಸಂಬಂಧ ಮಾತ್ರ ಕಡಿಯುತ್ತದೆ. ಎರಡನೆಯದು ಆ ಟೆಂಪ್ಲೇಟಿನಿಂದ ಬಂದ ಐಟಂಗಳನ್ನು (ಅಳತೆಗಳನ್ನು) ಅವುಗಳ ಹಿಸ್ಟರಿ ಸಮೇತ ಅಳಿಸುತ್ತದೆ. ಅವರು ಎರಡನೆಯದನ್ನು ಒತ್ತಿದರು, ತಿಂಗಳುಗಟ್ಟಲೆ ಗ್ರಾಫ್ ಹೋಯಿತು. ಫೈಲ್ ಆಗಿದ್ದರೆ ಸಂಜೆಗೆ ನಿನ್ನೆಯ ಪ್ರತಿ ತೆಗೆಯಬಹುದಿತ್ತು. ವೆಬ್ ಪೇಜಿನಲ್ಲಿ "ಹಿಂದಕ್ಕೆ ಹೋಗು" ಎಂಬ ಬಟನ್ ಇಲ್ಲ. ಆಡಿಟ್ ಲಾಗ್ ಇದೆ, ಯಾರು ಯಾವಾಗ ಏನು ಬದಲಿಸಿದರು ಎಂದು ತೋರಿಸುತ್ತದೆ. ಯಾಕೆ ಎಂದು ತೋರಿಸುವುದಿಲ್ಲ. ವಿವರಣೆ ಬರೆಯಲು ಜಾಗ ಕೊಟ್ಟಿದ್ದಾರೆ ನಿಜ, ಅದನ್ನು ತುಂಬಿಸಿದವರನ್ನು ನಾನು ಇನ್ನೂ ನೋಡಬೇಕಷ್ಟೆ.

ಬ್ಯಾಕಪ್ ಇನ್ನೊಂದು ತಲೆನೋವು. ನಿಮ್ಮ ಸೆಟ್ಟಿಂಗ್ ಮತ್ತು ಅಳತೆ ಮಾಡಿದ ಸಂಖ್ಯೆಗಳು ಒಂದೇ ಡೇಟಾಬೇಸ್‌ನಲ್ಲಿ ಇರುತ್ತವೆ. 100 ಡಿವೈಸ್, ಒಂದೊಂದಕ್ಕೂ 50 ಅಳತೆ, ನಿಮಿಷಕ್ಕೊಮ್ಮೆ ಎಂದು ಇಟ್ಟುಕೊಳ್ಳಿ. ದಿನಕ್ಕೆ 72 ಲಕ್ಷ ಸಾಲು ಆಯಿತು. ಒಂದು ಸಂಖ್ಯೆಗೆ ಸುಮಾರು 90 ಬೈಟ್ ಎಂದು ಹಿಡಿದರೆ ದಿನಕ್ಕೆ 650 ಎಂಬಿ ಹತ್ತಿರ ಬರುತ್ತದೆ. ಇದನ್ನೆಲ್ಲ ದಿನಾ ಡಂಪ್ (ಡೇಟಾಬೇಸಿನ ನಕಲು) ತೆಗೆಯಲು ಹೋಗಬೇಡಿ. ಹಿಸ್ಟರಿ, ಟ್ರೆಂಡ್ಸ್ ಎಂದು ಶುರುವಾಗುವ ಟೇಬಲ್‌ಗಳ ಡೇಟಾ ಬಿಟ್ಟು ಉಳಿದದ್ದನ್ನು ಮಾತ್ರ ರಾತ್ರಿ ಡಂಪ್ ತೆಗೆದರೆ ಸೆಟ್ಟಿಂಗ್ ಪೂರ್ತಿ ಸಿಗುತ್ತದೆ, ಫೈಲೂ ಚಿಕ್ಕದು. ಜೊತೆಗೆ ಟೆಂಪ್ಲೇಟ್‌ಗಳನ್ನು ಯಾಮಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಗಿಟ್‌ನಲ್ಲಿ ಇಡಿ. ಹೀಗೆ ಮಾಡಿದರೆ ಬಟನ್ ಜಗತ್ತಿನಲ್ಲಿ ಇದ್ದುಕೊಂಡೇ ಫೈಲಿನ ಅರ್ಧ ಲಾಭ ಸಿಗುತ್ತದೆ.

ಉಳಿದವು, ಬೇಗ ಬೇಗ

ಪಿಆರ್‌ಟಿಜಿ ವಿಂಡೋಸ್ ಮೇಲೆ ಓಡುತ್ತದೆ, ಹಾಕುವುದು ತೀರಾ ಸುಲಭ, 100 ಸೆನ್ಸರ್ ತನಕ ದುಡ್ಡಿಲ್ಲ. ಆದರೆ ಸೆನ್ಸರ್ ಅಂದರೆ ಡಿವೈಸ್ ಅಲ್ಲ, ಒಂದು ಅಳತೆ. 24 ಪೋರ್ಟಿನ ನಾಲ್ಕು ಸ್ವಿಚ್ ಹಾಕಿ ಎಲ್ಲಾ ಪೋರ್ಟ್ ನೋಡಲು ಹೋದರೆ 96 ಸೆನ್ಸರ್ ಅಲ್ಲೇ ಮುಗಿಯಿತು. ಆಮೇಲಿನದಕ್ಕೆ ದುಡ್ಡು ಕೊಡಬೇಕು. ಲಿನಕ್ಸ್ ಮುಟ್ಟುವವರೇ ಇಲ್ಲದ, ಕೊಡಲು ದುಡ್ಡಿರುವ ಆಫೀಸಿಗೆ ಇದು ಸರಿ.

ಲಿಬ್ರೆಎನ್‌ಎಂಎಸ್ ಬರೀ ಸ್ವಿಚ್, ರೂಟರ್ ಇರುವವರಿಗೆ ಹೇಳಿಮಾಡಿಸಿದ್ದು. ಎಸ್‌ಎನ್‌ಎಂಪಿ ಕಮ್ಯುನಿಟಿ ಕೊಟ್ಟರೆ ಪಕ್ಕದ ಡಿವೈಸ್‌ಗಳನ್ನು ತಾನೇ ಹುಡುಕುತ್ತಾ ಹೋಗುತ್ತದೆ. ಫೈಲಾ ಬಟನ್ನಾ ಎಂಬ ಪ್ರಶ್ನೆಯೇ ಇಲ್ಲಿ ಅಷ್ಟು ಏಳುವುದಿಲ್ಲ, ನೀವು ಬರೆಯುವುದೂ ಕಮ್ಮಿ, ಒತ್ತುವುದೂ ಕಮ್ಮಿ.

ಅಪ್‌ಟೈಮ್ ಕುಮಾ ಪೂರ್ತಿ ಬಟನ್, ಡಾಕರ್ (ಕಂಟೇನರ್ ಓಡಿಸುವ ಪ್ರೋಗ್ರಾಂ) ಇದ್ದರೆ ಒಂದು ಕಮಾಂಡಿನಲ್ಲಿ ಏಳುತ್ತದೆ. ಹತ್ತಿಪ್ಪತ್ತು ವೆಬ್‌ಸೈಟ್, ಪಿಂಗ್ ನೋಡಲು ಸಾಕು. ನೀವು ಯಾವುದನ್ನೇ ಆರಿಸಿ, ಇದನ್ನು ಬೇರೊಂದು ಮೆಷಿನ್‌ನಲ್ಲಿ ಹಾಕಿ, ದೊಡ್ಡ ಮಾನಿಟರಿಂಗ್ ಬದುಕಿದೆಯಾ ಎಂದು ನೋಡಲು ಬಿಡಿ. ನನ್ನ ತಂಗಿ ಮದುವೆಯ ಕಾಲಕ್ಕೆ ಇದಿದ್ದಿದ್ದರೆ ಆ ಬೆಳಿಗ್ಗೆಯ ಬೈಗುಳ ತಪ್ಪುತ್ತಿತ್ತು.

ನಡುವಿನ ದಾರಿಯೂ ಇದೆ. ಚೆಕ್‌ಎಂಕೆ ಎಂಬುದು 2008ರ ಸುಮಾರಿಗೆ ನಾಗಿಯೋಸ್ ಜೊತೆ ಸೇರಿಸುವ ತುಂಡಾಗಿ ಶುರುವಾದದ್ದು. ಬ್ರೌಸರ್‌ನಲ್ಲಿ ಬದಲಾಯಿಸುತ್ತೀರಿ, ಅದು ಒಳಗೆ ಟೆಕ್ಸ್ಟ್ ಫೈಲ್ ಆಗಿ ಕೂರುತ್ತದೆ. ನೀವು ಒತ್ತಿದ್ದು ತಕ್ಷಣ ಜಾರಿಯಾಗುವುದೂ ಇಲ್ಲ. ಬಾಕಿ ಇರುವ ಬದಲಾವಣೆಗಳ ಪಟ್ಟಿ ತೋರಿಸಿ, ಜಾರಿ ಮಾಡಲಾ ಎಂದು ಕೇಳುತ್ತದೆ. ಈ ಒಂದು ನಿಲುಗಡೆ ಎಷ್ಟು ಅನಾಹುತ ತಪ್ಪಿಸುತ್ತದೆ ಎಂದರೆ ಉಳಿದವರೂ ಇದನ್ನು ಯಾಕೆ ಮಾಡಿಲ್ಲವೋ ನನಗೆ ಅರ್ಥವಾಗುವುದಿಲ್ಲ. ಐಸಿಂಗಾಗೆ ಡೈರೆಕ್ಟರ್ ಎಂಬ ವೆಬ್ ಭಾಗ ಸೇರಿಸಿಕೊಂಡರೂ ಇದೇ ರೀತಿಯ ಅನುಕೂಲ.

ಹಾಗಾದರೆ ನಿಮಗೆ ಯಾವುದು

ಒಬ್ಬರೇ ಇದ್ದೀರಿ, ಇಪ್ಪತ್ತರೊಳಗೆ ಡಿವೈಸ್, ಹಳೇ ಡೆಸ್ಕ್‌ಟಾಪ್ ಒಂದೇ ಗತಿ: ಅಪ್‌ಟೈಮ್ ಕುಮಾ ಹಾಕಿ ಮಲಗಿ. ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕಿನಂಥ ಕಡೆ, ಐವತ್ತರಿಂದ ಇನ್ನೂರು ಡಿವೈಸ್, ವರ್ಷ ವರ್ಷ ಹುಡುಗರು ಬದಲಾಗುತ್ತಾರೆ: ಝ್ಯಾಬಿಕ್ಸ್, ಆದರೆ ಟೆಂಪ್ಲೇಟ್ ಮುಟ್ಟುವ ಅಧಿಕಾರ ಒಬ್ಬರಿಗೆ ಮಾತ್ರ. ಊರಿನ ಇಂಟರ್ನೆಟ್ ಕೊಡುವವರು, ವಾರಕ್ಕೆ ಐದಾರು ಹೊಸ ಸ್ವಿಚ್ ಏರಿಸುವವರು: ಲಿಬ್ರೆಎನ್‌ಎಂಎಸ್, ಇಲ್ಲವೇ ಎಕ್ಸೆಲ್‌ನಿಂದ ಫೈಲ್ ಹುಟ್ಟಿಸುವ ಸ್ಕ್ರಿಪ್ಟ್ ಬರೆಯಬಲ್ಲವರಿದ್ದರೆ ಐಸಿಂಗಾ 2. ನಾಲ್ಕು ಜನ ಇಂಜಿನಿಯರ್, ಎಲ್ಲರಿಗೂ ಗಿಟ್ ಗೊತ್ತು: ಪ್ರಮೀಥಿಯಸ್.

ಫೈಲ್ ಆರಿಸಿದವರಿಗೂ ಬ್ರೌಸರ್ ಬೇಡ ಎನ್ನುತ್ತಿಲ್ಲ. ರಾತ್ರಿ ಎರಡಕ್ಕೆ ಕರೆಂಟ್ ಹೋಗಿ ನಲವತ್ತು ಅಲರ್ಟ್ ಬಂದಾಗ ಮೊಬೈಲ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಕಮಾಂಡ್ ಕೊಡುವ ದಾರಿ) ತೆರೆದು ಫೈಲ್ ತಿದ್ದುವವರು ಶೂರರು, ನಾನಲ್ಲ. ಅಲರ್ಟ್ ಸುಮ್ಮನಾಗಿಸುವುದು, ಡೌನ್‌ಟೈಮ್ ಹಾಕುವುದು, ಗ್ರಾಫ್ ನೋಡುವುದು, ಇವು ಬಟನ್‌ಗೇ ಸರಿ. ಯಾವ ಡಿವೈಸ್ ನೋಡಬೇಕು, ಎಷ್ಟಕ್ಕೆ ಕೂಗಬೇಕು ಎಂಬುದನ್ನು ಫೈಲಿನಲ್ಲಿ ಇಡಲು ಸಾಧ್ಯವಾದರೆ ಇಡಿ.

ಇನ್ನೂ ತೀರ್ಮಾನ ಆಗದಿದ್ದರೆ ಒಂದು ವಾರ ಕೊಡಿ. ಮನಸ್ಸಿಗೆ ಹಿಡಿಸಿದ ಎರಡನ್ನು ಎರಡು ವರ್ಚುವಲ್ ಮೆಷಿನ್‌ನಲ್ಲಿ ಹಾಕಿ ಅದೇ ಹತ್ತು ಡಿವೈಸ್ ಸೇರಿಸಿ. ಆಮೇಲೆ ನೀವು ಮುಟ್ಟಬೇಡಿ. ನಿಮ್ಮ ರಜೆಯಲ್ಲಿ ಕೂರುವವರನ್ನು ಕರೆದು ಮೂರು ಕೆಲಸ ಹೇಳಿ: ಒಂದು ಸ್ವಿಚ್ ಸೇರಿಸು, ಒಂದು ಅಲರ್ಟಿನ ಮಿತಿ 80ರಿಂದ 90ಕ್ಕೆ ಏರಿಸು, ಈ ಹೋಸ್ಟನ್ನು ಅಳಿಸಿ ಮತ್ತೆ ಮೊದಲಿದ್ದ ಹಾಗೆ ವಾಪಸ್ ತಾ. ಪಕ್ಕದಲ್ಲಿ ಟೀ ಇಟ್ಟುಕೊಂಡು, ಬಾಯಿ ಮುಚ್ಚಿಕೊಂಡು, ಗಡಿಯಾರ ನೋಡುತ್ತಾ ಕೂರಿ. ಮೂರನೇ ಕೆಲಸಕ್ಕೆ ಅವರು ನಿಮ್ಮ ಮುಖ ನೋಡುವುದು ಯಾವುದರಲ್ಲಿ ಜಾಸ್ತಿಯೋ ಅದನ್ನು ತೆಗೆದುಹಾಕಿ.